ಹುಳದ ಪಾಲು

ರೇಷ್ಮೆ ಗೂಡನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿದರೆ ಒಳಗಿನ ಹುಳ ಸದ್ದು ಮಾಡುತ್ತದೆ. ಜೀವ ಇರುವ ಹುಳದ ಸದ್ದು ಬೇರೆ, ಸತ್ತು ಒಣಗಿದ ಹುಳದ ಸದ್ದು ಬೇರೆ. ಕರಗಿ ಒಳಗೋಡೆಗೆ ಅಂಟಿಕೊಂಡ ಹುಳ ಸದ್ದೇ ಮಾಡುವುದಿಲ್ಲ. ಅಂಥ ಒಂದೇ ಒಂದು ಗೂಡು ಬಿಸಿನೀರಿನ ಬೇಸಿನ್ನಿಗೆ ಬಿದ್ದರೂ ಸಾಕು, ನೀರೆಲ್ಲ ಕಂದು ಬಣ್ಣಕ್ಕೆ ತಿರುಗಿ ಜೊತೆಯ ಗೂಡುಗಳ ನೂಲೂ ಕೆಡುತ್ತದೆ. ಅದಕ್ಕೇ ನಮ್ಮ ಕಾರ್ಖಾನೆಯಲ್ಲಿ ಗೂಡು ಆರಿಸುವ ಮೇಜಿಗೆ ಅಷ್ಟು ಮರ್ಯಾದೆ. ಆ ಮೇಜಿನ ಮುಂದೆ ನಾನು ಮೂವತ್ತೊಂದು ವರ್ಷ ಕೂತೆ. ಅದಕ್ಕೂ ಮುಂಚೆ ಹತ್ತು ವರ್ಷ ಬೇಸಿನ್ನಿನ ಮುಂದೆ ಕೂತು ಬಿಸಿನೀರಿನಲ್ಲಿ ಕೈಯಾಡಿಸಿ ನೂಲು ಬಿಚ್ಚಿದೆ.

ನನ್ನ ಹೆಸರು ಚಿಕ್ಕಪಾಪಮ್ಮ. ಶಿಡ್ಲಘಟ್ಟದಲ್ಲಿ ಎಲ್ಲರಿಗೂ ಪಾಪಕ್ಕ. ಮನುಷ್ಯರ ಕೈಯನ್ನು ನೋಡಿ ಕೈಕೆಲಸ ಕಲಿಯುವ ಯಂತ್ರ ನಮ್ಮಲ್ಲಿಗೆ ಬಂದ ವರ್ಷದ ಮಾತನ್ನು ಹೇಳಬೇಕು ಎಂದುಕೊಂಡಿದ್ದೇನೆ. ಆದರೆ ಅದು ಜೈಬೂನ್ ಆಪಾಳಿಂದಲೇ ಶುರುವಾಗಬೇಕು. ಅವಳಿಲ್ಲದೆ ಆ ಯಂತ್ರದ ಕಥೆಯೇ ಇಲ್ಲ.

ಬೇಸಿನ್ನಿನಲ್ಲಿ ಹತ್ತು ವರ್ಷ ಕಳೆಯುವಷ್ಟರಲ್ಲಿ ನನ್ನ ಬೆರಳ ತುದಿಗಳು ಬಿರಿದು, ಉಗುರಿನ ಸಂದಿಯಲ್ಲಿ ಕೀವು ಕಟ್ಟಿ, ಅನ್ನ ಕಲಸಿದರೂ ಕಣ್ಣಲ್ಲಿ ನೀರು ಬರುತ್ತಿತ್ತು. ಒಂದು ದಿನ ಆರಿಸುವ ಮೇಜಿನಿಂದ ಜೈಬೂನ್ ಆಪಾ ಕೂಗಿದಳು.

"ಏಯ್ ಪಾಪಾ, ಬಾರೇ ಇಲ್ಲಿ. ಕೈ ತೋರ್ಸು."

ತೋರಿಸಿದೆ.

"ಯಾ ಅಲ್ಲಾ! ಇದೇನು ಕೈಯಾ, ಬೇಯಿಸಿದ ಕಡ್ಲೆಕಾಯಾ?" ಎಂದು ಬೈದು, ಮಾಲೀಕರಾದ ನಿಸಾರ್ ಸಾಹೇಬರ ಹತ್ತಿರ ಹೋಗಿ, "ನಂಗೆ ಕಣ್ಣು ಮಂಜಾಗ್ತಿದೆ, ಈ ಹುಡುಗೀನ ನನ್ ಪಕ್ಕ ಕೂರ್ಸಿ" ಎಂದು ಕೇಳಿದಳು. ಅವಳ ಕಣ್ಣು ಹದ್ದಿನ ಕಣ್ಣು. ಮಂಜಾಗಿರಲಿಲ್ಲ. ಆ ಸುಳ್ಳಿನಿಂದ ನನ್ನ ಕೈ ಉಳಿಯಿತು.

ಕೆಲಸ ಕಲಿಸುವಾಗ ಅವಳು ಹೆಚ್ಚು ಮಾತಾಡುತ್ತಿರಲಿಲ್ಲ. ತನ್ನ ಬೆರಳಿನ ಮೇಲೆ ನನ್ನ ಬೆರಳಿಟ್ಟುಕೊಂಡು ಗೂಡನ್ನು ಒತ್ತುತ್ತಿದ್ದಳು. "ಇದು ಜೋಡಿಗೂಡು. ಇದು ತೆಳ್ಳಗೆ. ಇದು ಗಟ್ಟಿ. ಗೊತ್ತಾಯ್ತಾ? ಇಲ್ವಾ? ಇನ್ನೊಂದು ಹಿಡಿ." ಆರು ತಿಂಗಳಲ್ಲಿ ನಾನು ಕಣ್ಣು ಮುಚ್ಚಿಕೊಂಡು ಆರಿಸುವಂತಾದೆ.

ಒಂದು ಲಾಟ್ ಗೂಡು ಆರಿಸಿ ಮುಗಿಯುವ ಹೊತ್ತಿಗೆ ಆಪಾ ಒಂದು ಕೆಲಸ ಮಾಡುತ್ತಿದ್ದಳು. ಆ ಲಾಟಿನಲ್ಲೇ ಅತಿ ಚೆನ್ನಾದ ಗೂಡನ್ನು, ತುಂಬಿದ ಹೆಣ್ಣುಗೂಡನ್ನು, ಎತ್ತಿ ಮೇಜಿನ ಎಡ ತುದಿಗೆ ಇಡುತ್ತಿದ್ದಳು. ಉಳಿದವೆಲ್ಲ ಬಿಸಿಗಾಳಿಯ ಕೋಣೆಗೆ ಹೋಗುತ್ತಿದ್ದವು. ಅಲ್ಲಿ ಹುಳ ಸಾಯುತ್ತದೆ, ಆಮೇಲೆ ಗೂಡು ಬೇಯಿಸಿ ನೂಲು ತೆಗೆಯುತ್ತಾರೆ. ಎಡಕ್ಕಿಟ್ಟ ಒಂದನ್ನು ಮಾತ್ರ ಆಪಾ ಪಕ್ಕದ ಕಿಟಕಿಯ ಕಟ್ಟೆಯ ಮೇಲೆ ಇಡುತ್ತಿದ್ದಳು. ನಾಲ್ಕಾರು ದಿನಕ್ಕೆ ಗೂಡಿನ ತುದಿ ಒದ್ದೆಯಾಗಿ, ತೂತಾಗಿ, ಬಿಳೀ ಚಿಟ್ಟೆ ಹೊರಗೆ ಬರುತ್ತಿತ್ತು.

"ಇದು ಹುಳದ ಪಾಲು" ಎನ್ನುತ್ತಿದ್ದಳು. "ಸಾವಿರ ಹುಳದ ಮನೆ ಬಿಚ್ಕೊಂಡು ನಾವು ಊಟ ಮಾಡ್ತೀವಿ. ಒಂದಾದ್ರೂ ಬೆಳಕು ನೋಡ್ಲಿ."

"ಹಾರಲ್ವಲ್ಲ ಆಪಾ ಅದು?"

"ಹಾರಲ್ಲ. ನೀನು ಹಾರ್ತೀಯೇನೇ? ಬದುಕ್ತಿಲ್ವಾ?"

"ಕಲೆ ಬಿದ್ದಿದ್ದು ಒಂದು ಇಟ್ರೆ ಆಗಲ್ವಾ? ಚೆನ್ನಾಗಿರೋದೇ ಯಾಕೆ?"

ಅವತ್ತು ಅವಳು ನನ್ನ ತಲೆಗೆ ಮೊಟಕಿದ್ದು ಇನ್ನೂ ನೆನಪಿದೆ. "ಕೊಳೆತಿದ್ದು ಕೊಟ್ಟು ಕೊಟ್ಟೆ ಅಂತೀಯಾ?"

ಕಿಟಕಿಯ ಕಟ್ಟೆಯ ಸುತ್ತ ಇರುವೆ ಬಾರದ ಹಾಗೆ ಅರಿಶಿನದ ಪುಡಿಯ ಒಂದು ಗೆರೆ ಯಾವಾಗಲೂ ಇರುತ್ತಿತ್ತು. ಆಪಾ ಎಳೆಯುತ್ತಾಳೆ ಎಂದುಕೊಂಡಿದ್ದೆ. ಆಪಾ ತೀರಿಕೊಂಡ ಮೇಲೂ ಗೆರೆ ಇತ್ತು. ಕಸ ಗುಡಿಸುವವರು ಎಳೆಯುತ್ತಾರೆ ಎಂದುಕೊಂಡೆ. ಕೇಳಲಿಲ್ಲ. ಕೇಳಲು ಭಯ. ಲಾಟಿಗೊಂದು ಒಳ್ಳೆಯ ಗೂಡು ಮಾಲೀಕರ ಸ್ವತ್ತು. ಹೇಳದೆ ಕೇಳದೆ ತೆಗೆದಿಡುವುದಕ್ಕೆ ಏನು ಹೆಸರು ಎಂದು ನನಗೂ ಗೊತ್ತಿತ್ತು. ಗೊತ್ತಿದ್ದೂ ಆಪಾ ಹೋದ ಮೇಲೆ ಒಂದು ಲಾಟೂ ತಪ್ಪದೆ ಇಡುತ್ತಾ ಬಂದೆ.

ಯಂತ್ರದ ಮಾತು ಬಂದದ್ದು ನಿಸಾರ್ ಸಾಹೇಬರ ಮಗ ಸಾದಿಕ್ ಸಾಹೇಬರ ಕಾಲದಲ್ಲಿ. ಅಷ್ಟರಲ್ಲಿ ಸುತ್ತಮುತ್ತಲಿನ ಎಷ್ಟೋ ಕಾರ್ಖಾನೆಗಳಲ್ಲಿ ಮನುಷ್ಯರು ಕಡಿಮೆಯಾಗಿದ್ದರು. ಬೇರೆ ದೇಶದಲ್ಲಿ ಕಲಿತು ಬಂದ ಯಂತ್ರ ತಂದು ನಿಲ್ಲಿಸಿದರೆ ಮಾರನೇ ದಿನದಿಂದ ಯಾರೂ ಬೇಡ. ಇನ್ನೊಂದು ದಾರಿಯೂ ಇತ್ತು. ಯಂತ್ರಕ್ಕೆ ಕಾರ್ಖಾನೆಯ ಕೆಲಸಗಾರರೇ ಕಲಿಸಿದರೆ, ಆಗ ಹೊಸದಾಗಿ ಬಂದಿದ್ದ ಕಾನೂನಿನ ಪ್ರಕಾರ, ಕಲಿಸಿದವರನ್ನು ಕೆಲಸದಿಂದ ತೆಗೆಯುವ ಹಾಗಿಲ್ಲ. ಯಂತ್ರಕ್ಕೆ ಅನುಮಾನ ಬಂದದ್ದನ್ನು ನೋಡಿ ಹೇಳುವ ಕೆಲಸ, ಅದನ್ನು ತಿದ್ದುವ ಕೆಲಸ ಅವರದೇ. ಆ ದಾರಿ ನಿಧಾನ. ಆದರೂ ಸಾದಿಕ್ ಸಾಹೇಬರು ಅದನ್ನೇ ಹಿಡಿದರು. ನಾವು ಇಪ್ಪತ್ತಾರು ಹೆಂಗಸರು. ನನ್ನ ಮಗಳು ವರಲಕ್ಷ್ಮಿಯೂ ಅದರಲ್ಲಿ ಒಬ್ಬಳು. ಬೇಸಿನ್ನಿನ ಮುಂದೆ ಅವಳದು ಎಂಟನೇ ವರ್ಷ.

ಯಂತ್ರದ ಕಂಪನಿಯಿಂದ ಬಂದವಳು ಗದಗಿನ ಕಡೆಯ ಹುಡುಗಿ, ಅನ್ನಪೂರ್ಣ. ಕೂದಲನ್ನು ಪೆನ್ಸಿಲ್ ಸಿಕ್ಕಿಸಿ ಗಂಟು ಹಾಕಿಕೊಳ್ಳುತ್ತಿದ್ದಳು. ಮೊದಲ ದಿನ ನನ್ನ ಮುಂದೆ ತೆಳ್ಳಗಿನ ಎರಡು ಗ್ಲೌಸು ಇಟ್ಟಳು. ಒಳಗೆ ಕೂದಲಿಗಿಂತ ಸಣ್ಣ ತಂತಿಗಳು ಹರಿದಾಡಿದ್ದವು.

"ಅಜ್ಜೀ, ಇವನ್ನ ಹಾಕ್ಕೊಂಡು ನೀವು ದಿನಾ ಹೆಂಗ ಆರಿಸ್ತೀರೋ ಹಂಗ ಆರಸ್ರಿ. ನೀವು ಎಷ್ಟು ಒತ್ತತೀರಿ, ಬೆರಳು ಎಲ್ಲಿ ನಿಲ್ತೈತಿ, ಅಲ್ಲಾಡ್ಸಿದಾಗ ಏನು ಸಪ್ಪಳ ಬರ್ತೈತಿ, ಎಲ್ಲಾ ಇದು ನೆನಪಿಟ್ಕೋತೈತಿ. ಲಾಟ್ ಮುಗದ ಮ್ಯಾಲೆ ಈ ಕೆಂಪ ಗುಂಡಿ ಒತ್ರಿ. ಅಷ್ಟ."

"ನಾನು ಓದಿರೋದು ಮೂರನೇ ಕ್ಲಾಸು ತಾಯಿ. ನಾನೇನು ಕಲಿಸ್ಲಿ ಅದಕ್ಕೆ?"

"ನಾ ಎಂಜಿನಿಯರಿಂಗ್ ಮಾಡೀನ್ರಿ ಅಜ್ಜಿ. ನನಗ ಒಂದು ಗೂಡು ಕೊಟ್ಟು ಒಳಗಿನ ಹುಳ ಜೀವಂತ ಐತೋ ಇಲ್ಲೋ ಹೇಳು ಅಂದ್ರ ಹೇಳಾಕ ಬರಂಗಿಲ್ಲ. ಕ್ಯಾಮೆರಾಕ್ಕೂ ಕಾಣಂಗಿಲ್ಲ. ನಿಮ್ಮ ಬೆರಳಿಗೆ ಕಾಣ್ತೈತಿ."

ಆ ಮಾತಿಗೆ ನನ್ನ ಬೆರಳುಗಳನ್ನು ಒಮ್ಮೆ ನೋಡಿಕೊಂಡೆ. ಬಿಸಿನೀರು ನನ್ನ ಬೆರಳಿನ ಗೆರೆಗಳನ್ನೆಲ್ಲ ತಿಂದುಹಾಕಿತ್ತು. ಬೆರಳಚ್ಚು ಕೇಳುವ ಯಾವ ಯಂತ್ರವೂ ನನ್ನನ್ನು ಪಾಪಮ್ಮ ಎಂದು ಒಪ್ಪುತ್ತಿರಲಿಲ್ಲ. ಒಂದು ಯಂತ್ರ ನನ್ನ ಬೆರಳನ್ನೇ ಕೇಳಿಕೊಂಡು ಬಂದದ್ದು ಅದೇ ಮೊದಲು.

ಆದರೆ ಮೇಜಿನ ಮೇಲೆ ಕ್ಯಾಮೆರಾ ಇತ್ತು. ಅವತ್ತೇ ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಂಡೆ. ಇನ್ನು ಹುಳದ ಪಾಲು ಬೇಡ. ಆಪಾ, ಕ್ಷಮಿಸು. ಈ ವಯಸ್ಸಿನಲ್ಲಿ ಕಳ್ಳಿ ಅನ್ನಿಸಿಕೊಳ್ಳಲಾರೆ. ಆ ಆರು ತಿಂಗಳಲ್ಲಿ ಒಂದು ಗೂಡೂ ಕಿಟಕಿಗೆ ಹೋಗಲಿಲ್ಲ. ಕಟ್ಟೆ ಖಾಲಿ ಇತ್ತು. ಅರಿಶಿನದ ಗೆರೆ ಮಾತ್ರ ಇದ್ದೇ ಇತ್ತು.

ಯಂತ್ರ ಬಂತು. ಎಂಟು ಉದ್ದನೆಯ ಕೈ. ಎರಡು ಕೈ ಆರಿಸುವ ಮೇಜಿಗೆ, ಆರು ಕೈ ಬೇಸಿನ್ನುಗಳಿಗೆ. ಆ ಆರಕ್ಕೆ ವರಲಕ್ಷ್ಮಿ ಮತ್ತು ಉಳಿದ ಹೆಂಗಸರು ಗ್ಲೌಸು ಹಾಕಿ ಎಳೆ ಹಿಡಿಯುವುದನ್ನು ಕಲಿಸಿದ್ದರು. ಕೈ ಎಂಟಾದರೂ ಬುದ್ಧಿ ಒಂದೇ. ನಮ್ಮ ಗಂಗುಲಮ್ಮ ಮೊದಲ ದಿನವೇ ಅದಕ್ಕೆ ಕುಂಕುಮ ಇಟ್ಟು, "ಎಂಟುಕೈಯಮ್ಮ" ಎಂದು ಹೆಸರಿಟ್ಟಳು.

"ಪಾಪಕ್ಕ, ನೋಡೇ, ಗೂಡು ಕಿವಿ ಹತ್ರ ಹಿಡಿಯೋದು ನಿನ್ ತರಾನೇ! ಕಿವೀನೇ ಇಲ್ಲ ಮುಂಡೇದಕ್ಕೆ!"

ನಿಜ. ಅದರ ಮಣಿಕಟ್ಟಿನಲ್ಲಿ ಸದ್ದು ಕೇಳುವ ಚಿಕ್ಕ ಬಿಲ್ಲೆ ಇತ್ತು. ಆದರೂ ಅದು ಗೂಡನ್ನು ನನ್ನ ಹಾಗೇ ತುಸು ಮೇಲಕ್ಕೆತ್ತಿ, ತಲೆ ಇರಬೇಕಾದ ಕಡೆಗೆ ಬಾಗಿಸಿ ಅಲ್ಲಾಡಿಸುತ್ತಿತ್ತು. ನಾನು ಗಾಜಿನ ಈಚೆ ನಿಂತು ನೋಡಿದೆ. ಹೆಬ್ಬೆರಳು ಇಡುವ ರೀತಿ ಮೂಲದಲ್ಲಿ ನನ್ನದಲ್ಲ, ಆಪಾಳದು. ನನಗೆ ಕಲಿಸುವಾಗ ಅವಳು ಹಾಗೇ ಇಡುತ್ತಿದ್ದಳು. ಸತ್ತು ಇಪ್ಪತ್ತೆರಡು ವರ್ಷವಾದ ಹೆಂಗಸು ಅಲ್ಲಿ ಕೂತು ಗೂಡು ಆರಿಸುತ್ತಿದ್ದ ಹಾಗಿತ್ತು. ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ಗಂಗುಲಮ್ಮ ಇನ್ನೇನೋ ತಿಳಿದು, "ಅಳಬೇಡ ಬಿಡೇ, ನಿನ್ ಜಾಗ ಎಲ್ಲೂ ಓಗಲ್ಲ" ಎಂದು ಸಮಾಧಾನ ಮಾಡಿದಳು.

ಮೂರು ತಿಂಗಳು ಪರೀಕ್ಷೆ. ಕೊನೆಯಲ್ಲಿ ಕಂಪನಿಯ ದೊಡ್ಡ ಪರೀಕ್ಷಕರು ಬಂದು ಸಹಿ ಹಾಕಬೇಕು. ಅಲ್ಲಿಯವರೆಗೆ ಯಂತ್ರ ಅರ್ಧ ಹೊತ್ತು, ನಾವು ಅರ್ಧ ಹೊತ್ತು ಕೆಲಸ ಮಾಡುತ್ತಿದ್ದೆವು.

ಪರೀಕ್ಷಕರು ಬರಲು ಎರಡು ದಿನ ಉಳಿದಿತ್ತು. ಅನ್ನಪೂರ್ಣ ನನ್ನನ್ನು ಗಾಜಿನ ಕೋಣೆಗೆ ಕರೆದಳು. ಮುಖ ಬಾಡಿತ್ತು.

"ಅಜ್ಜೀ, ಒಂದು ತ್ರಾಸ ಆಗೈತಿ. ಎಂಟುಕೈಯಮ್ಮ ಪ್ರತಿ ಲಾಟಿನ ಕಡೀಕ ಒಂದು ಗೂಡು ತಗದು ಎಡಕ ಇಡ್ತೈತಿ. ಕೆಟ್ಟಿದ್ದಲ್ರಿ, ಛಲೋ ಗೂಡು. ಯಾಕ ಅಂತ ಮೂರು ವಾರದಿಂದ ಹುಡುಕಾಕತ್ತೀನಿ, ಗೊತ್ತಾಗವಲ್ದು. ಹೋದ ವಾರದ್ದೆಲ್ಲಾ ಈ ಡಬ್ಬ್ಯಾಗ ಹಾಕಿಟ್ಟೀನಿ ನೋಡ್ರಿ."

ಡಬ್ಬಿಯ ಮುಚ್ಚಳ ತೆಗೆದದ್ದೇ ಕಿರುಚಿ ಕುರ್ಚಿಯ ಹಿಂದಕ್ಕೆ ಹಾರಿದಳು. ಡಬ್ಬಿ ತುಂಬ ಚಿಟ್ಟೆ. ಗೂಡು ತೂತು ಮಾಡಿಕೊಂಡು ಬಂದು ಒಂದರ ಮೇಲೊಂದು ರೆಕ್ಕೆ ಬಡಿಯುತ್ತಿದ್ದವು.

"ಬಿಸಿಗಾಳಿಗೆ ಹಾಕದೆ ಇಟ್ರೆ ಇನ್ನೇನಾಗುತ್ತೆ ತಾಯಿ" ಎಂದು ನಕ್ಕೆ. ನಗುತ್ತಲೇ ಒಂದೊಂದಾಗಿ ಎತ್ತಿ ಕಾಗದದ ಮೇಲೆ ಬಿಟ್ಟೆ. ದಪ್ಪ ಹೊಟ್ಟೆ, ನಿಧಾನದ ನಡಿಗೆ. ಎಲ್ಲ ಹೆಣ್ಣು. ಒಂದೂ ಗಂಡಿಲ್ಲ.

ನನ್ನ ನಗು ನಿಂತಿತು.

"ಯಾಕ್ರಿ ಅಜ್ಜಿ?"

"ಏನಿಲ್ಲ" ಎಂದೆ. ನಾನು ಬಿಟ್ಟುಬಿಟ್ಟಿದ್ದೆನಲ್ಲ. ಗ್ಲೌಸು ಹಾಕಿಕೊಂಡ ಮೇಲೆ ಒಂದನ್ನೂ ಇಡಲಿಲ್ಲವಲ್ಲ. ಇದು ನನ್ನಿಂದ ಬಂದಿರಲು ಸಾಧ್ಯವಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. "ಒಂದು ಗೂಡು ತಾನೇ, ಹೋದ್ರೆ ಹೋಗ್ಲಿ ಬಿಡಮ್ಮ."

"ಒಂದು ಗೂಡಿನ ಮಾತಲ್ರಿ. ಕಾರಣ ಗೊತ್ತಿಲ್ಲದ ಕೆಲಸ ಮಾಡೋ ಯಂತ್ರಕ್ಕ ನಮ್ಮ ಕಂಪನಿ ಸಹಿ ಹಾಕಂಗಿಲ್ಲ. ಇವತ್ತು ಒಂದು ಗೂಡು ತಗದಿಡ್ತೈತಿ, ನಾಳೆ ಯಾರದಾದ್ರೂ ಕೈ ಹಿಡದು ಎಳದ್ರ? ಕಾರಣ ಸಿಗಲಿಲ್ಲಂದ್ರ ಕಲಿತಿದ್ದನ್ನೆಲ್ಲಾ ಅಳಿಸಿಬಿಡೂದು ಅಂತ ರೂಲ್ ಐತಿ. ಎಂಟೂ ಕೈದು."

"ತಿರ್ಗಾ ಕಲಿಸ್ತೀವಿ."

ಅವಳು ತಲೆ ತಗ್ಗಿಸಿದಳು. "ಸಾದಿಕ್ ಸರ್ ಕಡೆ ಇನ್ನೊಂದು ವರ್ಷ ಕಾಯೋ ಶಕ್ತಿ ಇಲ್ರಿ. ಕಲಿತು ಬಂದ ಯಂತ್ರ ತರಸ್ತಾರ. ಆಮ್ಯಾಲೆ..."

ಆಮೇಲೆ ಏನು ಎಂದು ಹೇಳಬೇಕಾಗಿರಲಿಲ್ಲ. ಇಪ್ಪತ್ತಾರು ಮನೆ.

ಅವತ್ತು ಸಂಜೆ ಮನೆಯಲ್ಲಿ ಹಿತಕಿದವರೆ ಸಾರು ಮಾಡಬೇಕಿತ್ತು. ನೆನೆದ ಅವರೆಕಾಳನ್ನು ಬೆರಳಲ್ಲಿ ಹಿಚುಕಿ ಸಿಪ್ಪೆ ಬಿಡಿಸುವ ಕೆಲಸ. ವರಲಕ್ಷ್ಮಿಯ ಕೈಲಿ ಆಗುತ್ತಿರಲಿಲ್ಲ. ಅವಳ ಬೆರಳುಗಳಿಗೆ ಅರಿಶಿನ, ಹರಳೆಣ್ಣೆ ಹಚ್ಚಿ ಬಟ್ಟೆ ಸುತ್ತಿದ್ದೆ. ಗೋಡೆಗೆ ಒರಗಿ ಕೂತು ನಾನು ಹಿಚುಕುವುದನ್ನು ನೋಡುತ್ತಿದ್ದಳು. ಯಂತ್ರದ ವಿಷಯ ಹೇಳಿದೆ. ನನ್ನ ಕೈಯನ್ನೇ ನೋಡುತ್ತಾ ಕೇಳಿದಳು.

"ಅಮ್ಮಾ, ಯಾಕೆ ಅಂಗೆ ಮಾಡ್ತೀಯ ನೀನು?"

"ಏನು?"

"ಒಂದು ಬೊಗಸೆ ಮುಗಿದ ಕೂಡ್ಲೆ ಒಂದು ದಪ್ಪ ಕಾಳು ತೆಗ್ದು ಎಡಗಡೆ ಇಕ್ತೀಯ. ಆಮೇಲೆ ತಿರ್ಗಾ ಎತ್ತಿ ಪಾತ್ರೆಗೆ ಹಾಕ್ತೀಯ. ನಾನು ಚಿಕ್ಕೋಳಾಗಿದ್ದಾಗಿಂದ ನೋಡ್ತಿದೀನಿ."

ನೋಡಿಕೊಂಡೆ. ಎಡ ಮೊಣಕಾಲಿನ ಪಕ್ಕ, ನೆಲದ ಮೇಲೆ, ಒಂದು ದಪ್ಪ ಅವರೆಕಾಳು ಕೂತಿತ್ತು. ನಾನು ಇಟ್ಟದ್ದು ನನಗೇ ಗೊತ್ತಿರಲಿಲ್ಲ.

ನಾನು ಬಿಟ್ಟಿದ್ದೆ, ನನ್ನ ಕೈ ಬಿಟ್ಟಿರಲಿಲ್ಲ. ಆ ಆರು ತಿಂಗಳೂ ನನ್ನ ಕೈ ಒಳ್ಳೆಯ ಗೂಡನ್ನು ಎತ್ತಿ ಎಡಕ್ಕಿಟ್ಟಿದೆ. ನಾನು ಕೆಂಪು ಗುಂಡಿ ಒತ್ತಿದ್ದೇನೆ. ಒತ್ತಿದ ಮೇಲೆ ಗ್ಲೌಸು, ಕ್ಯಾಮೆರಾ ಏನನ್ನೂ ನೋಡುವುದಿಲ್ಲ. ತಟ್ಟೆ ಎತ್ತುವಾಗ ಎಡಗಡೆಯದನ್ನು ಮತ್ತೆ ಒಳಗೆ ಹಾಕಿದ್ದೇನೆ. ಯಂತ್ರ ಇಟ್ಟದ್ದನ್ನು ಕಲಿತಿದೆ, ವಾಪಸು ಹಾಕಿದ್ದನ್ನು ಕಲಿತಿಲ್ಲ.

ಮಗಳಿಗೆ ಎಲ್ಲ ಹೇಳಿದೆ. ಆಪಾ, ಕಿಟಕಿ, ಮೂವತ್ತೊಂದು ವರ್ಷ.

"ಹೇಳ್ಬೇಡಮ್ಮ" ಎಂದಳು. "ಕಳ್ಳಿ ಅಂತಾರೆ. ನಲವತ್ತು ವರ್ಷದಿಂದ ಒಂದು ಮಾತು ಅನ್ನಿಸ್ಕೊಂಡಿಲ್ಲ ನೀನು. ನಾನು ಬೇರೆ ಎಲ್ಲಾದ್ರೂ ಬೇಸಿನ್ ಕೆಲಸ ನೋಡ್ಕೋತೀನಿ."

ಅವಳ ಕೈಗೆ ಸುತ್ತಿದ ಬಟ್ಟೆಯಲ್ಲಿ ಎಣ್ಣೆಯ ಜೊತೆ ಕೆಂಪು ಬಣ್ಣವೂ ಇಳಿದಿತ್ತು. ಆಪಾ ಅವತ್ತು ನನಗೋಸ್ಕರ ಒಂದು ಸುಳ್ಳು ಹೇಳಿದ್ದಳು. ಇವತ್ತು ನಾನು ಒಂದು ನಿಜ ಹೇಳಬೇಕಾಗಿತ್ತು, ಅಷ್ಟೇ. ಅವರೆಕಾಳನ್ನು ಎತ್ತಿ ಪಾತ್ರೆಗೆ ಹಾಕದೆ ಕಿಟಕಿಯ ಮೇಲಿಟ್ಟು ಒಲೆ ಹಚ್ಚಿದೆ.

ಪರೀಕ್ಷಕರು ಮಂಗಳೂರಿನ ಕಡೆಯವರು, ಮೊಂತೇರೋ ಎಂದು ಹೆಸರು. ತೆಳ್ಳಗೆ, ಎತ್ತರಕ್ಕೆ, ನನ್ನ ವಯಸ್ಸಿಗಿಂತ ಹತ್ತು ವರ್ಷ ಚಿಕ್ಕವರಿರಬಹುದು. ಗಾಜಿನ ಕೋಣೆಯಲ್ಲಿ ಸಾದಿಕ್ ಸಾಹೇಬರು, ಅನ್ನಪೂರ್ಣ ಇದ್ದರು. ಬಾಗಿಲ ಹತ್ತಿರ ಗಂಗುಲಮ್ಮ, ವರಲಕ್ಷ್ಮಿ, ಉಳಿದವರು ಗುಂಪು ಕಟ್ಟಿಕೊಂಡು ನಿಂತಿದ್ದರು. ಅವರನ್ನು ದಾಟಿ ಒಳಗೆ ಹೋದೆ.

"ಸ್ವಾಮಿ, ಆ ಗೂಡು ಎಡಕ್ಕಿಡೋದು ಯಂತ್ರದ ತಪ್ಪಲ್ಲ. ನಂದು" ಎಂದೆ.

ಮೊಂತೇರೋ ಸಾಹೇಬರು ಎದ್ದು ಕುರ್ಚಿ ಕೊಟ್ಟರು. "ಕೂತ್ಕೊಳ್ಳಿ ಅಮ್ಮ. ಎಂತದ್ದು, ನಿಧಾನ ಹೇಳಿ."

ಎಲ್ಲ ಹೇಳಿದೆ. ಹೇಳುವಾಗ ಸಾದಿಕ್ ಸಾಹೇಬರ ಕಡೆ ನೋಡಲಿಲ್ಲ. ಮುಗಿಸಿದ ಮೇಲೆ ಅನ್ನಪೂರ್ಣ ಓಡಿಹೋಗಿ ಹಳೆಯ ಗ್ಲೌಸು ತಂದಳು.

"ಅಜ್ಜೀ, ಒಂದು ತಟ್ಟಿ ಆರಿಸಿ ತೋರಸ್ರಿ. ಬೇಕಂತ ಏನೂ ಮಾಡಬ್ಯಾಡ್ರಿ."

ಹಾಕಿಕೊಂಡು ಕೂತೆ. ಹಳದಿ ಗೂಡುಗಳ ತಟ್ಟೆ. ಬೇಕಂತ ಮಾಡಬಾರದು ಎಂದರೆ ಏನು ಮಾಡುವುದು? ಬಾಗಿಲ ಕಡೆ ತಿರುಗಿ ಗಂಗುಲಮ್ಮನನ್ನು ಮಾತಾಡಿಸಿದೆ.

"ನಿನ್ ಸೊಸೆ ತವರಿಂದ ಬಂದ್ಲಾ?"

"ಬಂದ್ಲಮ್ಮ, ಬರೋವಾಗ ಅವಳ ಅವ್ವನ್ನೂ ಕರ್ಕೊಂಡು ಬಂದವ್ಳೆ! ಎರಡು ದಿನಕ್ಕೆ ಅಂತ ಬಂದೋರು ಗೋಡೆಗೆ ಫೋಟೋ ಮೊಳೆ ಹೊಡೀತವ್ರೆ!"

ಎಲ್ಲರೂ ನಕ್ಕರು, ನಾನೂ ನಕ್ಕೆ. ತಟ್ಟೆ ಮುಗಿಯಿತು. ಕೆಳಗೆ ನೋಡಿದರೆ ಎಡ ತುದಿಯಲ್ಲಿ ಒಂದು ಗೂಡು ಕೂತಿತ್ತು. ಅನ್ನಪೂರ್ಣ ಪರದೆಯ ಮೇಲೆ ನನ್ನ ಕೈ ಹೋದ ದಾರಿಯನ್ನು ಒಂದು ನೀಲಿ ಗೆರೆ ಮಾಡಿದಳು. ಯಂತ್ರದ ಕೈ ಹೋಗುವ ದಾರಿ ಕೆಂಪು ಗೆರೆ. ಎರಡನ್ನೂ ಒಂದರ ಮೇಲೊಂದು ಇಟ್ಟಾಗ ಒಂದೇ ಗೆರೆ ಕಂಡಿತು.

"ಇಷ್ಟು ದಿನ ನಾ ಯಂತ್ರದಾಗ ಹುಡುಕಿದೆ. ಅಜ್ಜೀನ ಕೇಳಲಿಲ್ಲ" ಎಂದು ಹಣೆ ಚಚ್ಚಿಕೊಂಡಳು.

ಆಗ ಸಾದಿಕ್ ಸಾಹೇಬರು ಎದ್ದರು. ಹೊರಗೆ ಹೋದರು. ಸಿಟ್ಟಾಯಿತು ಎಂದುಕೊಂಡೆ. ವಾಪಸು ಬಂದಾಗ ಅವರ ಕೈಯಲ್ಲಿ ಒಂದು ಹಳೆಯ ತಗಡಿನ ಡಬ್ಬಿ. ನನ್ನ ಮುಂದೆ ಇಟ್ಟು ಮುಚ್ಚಳ ತೆಗೆದರು. ಅರಿಶಿನದ ಪುಡಿ.

"ಅಬ್ಬಾ ಮೇಜಿನ ಡ್ರಾಯರಲ್ಲಿ ಇರ್ತಿತ್ತು ಪಾಪಕ್ಕ. ಪ್ರತಿ ಶುಕ್ರವಾರ ನಮಾಜಿಗೆ ಹೋಗೋಕೆ ಮುಂಚೆ ಆ ಕಿಟಕೀಗೆ ಗೆರೆ ಎಳೀತಿದ್ರು. ಯಾಕೆ ಅಂತ ಚಿಕ್ಕವನಿದ್ದಾಗ ಕೇಳಿದ್ದೆ. 'ಜೈಬೂನ್‌ಗೆ ಹೇಳ್ಬೇಡ, ಗೊತ್ತಾದ್ರೆ ನಾಚ್ಕೊಂಡು ಇಡೋದು ನಿಲ್ಲಿಸ್ಬಿಡ್ತಾಳೆ' ಅಂದ್ರು. ಅಬ್ಬಾ ಹೋದ ಮೇಲೆ ನಾನು ಎಳೀತಿದೀನಿ. ಒಂಬತ್ತು ತಿಂಗಳಿಂದ ಕಟ್ಟೆ ಖಾಲಿ ಇದೆಯಲ್ಲ, ಪಾಪಕ್ಕಂಗೆ ನಮ್ ಮೇಲೆ ಏನಾದ್ರೂ ಬೇಜಾರಾಯ್ತಾ ಅಂತ ನಾನೂ ಶಮೀಮೂ ಮನೇಲಿ ಎಷ್ಟು ಸಲ ಮಾತಾಡ್ಕೊಂಡಿದೀವಿ!"

ಶಮೀಮ್ ಅವರ ಹೆಂಡತಿ. ನಾನು ಬಚ್ಚಿಟ್ಟುಕೊಂಡು ಬಂದದ್ದನ್ನು ಅಪ್ಪ ಮಗ ಇಬ್ಬರೂ ಇರುವೆ ಮುಟ್ಟದ ಹಾಗೆ ಕಾದಿದ್ದರು. ಕೈ ಮುಗಿದೆ. ಅವರೂ ಮುಗಿದರು.

ಮೊಂತೇರೋ ಸಾಹೇಬರು ಕನ್ನಡಕ ತೆಗೆದು ಒರೆಸಿದರು. "ಅದೊಂದು ಅಭ್ಯಾಸ ಮಾತ್ರ ಯಂತ್ರದಿಂದ ತೆಗೀಲಿಕ್ಕೆ ಆಗ್ತದಾ?" ಎಂದು ಅನ್ನಪೂರ್ಣಳನ್ನು ಕೇಳಿದರು.

"ಆಗಂಗಿಲ್ಲ ಸರ್. ಅದು ಒಂದು ಕಡೆ ಕುಂತಿಲ್ಲ. ಸಾರಿನ್ಯಾಗಿನ ಉಪ್ಪಿನಂಗ ಎಲ್ಲಾ ಕಡೆ ಐತಿ. ಛಲೋ ಗೂಡು ಯಾವುದು ಅಂತ ಅದಕ್ಕ ತಿಳಿಯೂದ ಅದರಿಂದ. ಅದನ್ನ ತಗದ್ರ ಬೆರಳೇ ಹೋಗ್ತೈತಿ."

"ಎಷ್ಟು ಲಾಟ್ ಆಯ್ತು ಈವರೆಗೆ?"

"ಇನ್ನೂರ ಹನ್ನೆರಡು."

"ಎಷ್ಟು ಗೂಡು ಇಟ್ಟಿದೆ?"

"ಇನ್ನೂರ ಹನ್ನೆರಡು."

ಅವರು ಗಾಜಿನಾಚೆ ನೋಡಿದರು. ಅಲ್ಲಿ ಎಂಟುಕೈಯಮ್ಮ ಇದ್ಯಾವುದರ ಗೊಡವೆಯೂ ಇಲ್ಲದೆ ಒಂದು ಗೂಡನ್ನು ಇಲ್ಲದ ಕಿವಿಗೆ ಹಿಡಿದು ಅಲ್ಲಾಡಿಸುತ್ತಿತ್ತು. "ಕೆಟ್ಟ ಯಂತ್ರ ಇಷ್ಟು ನಿಯತ್ತಾಗಿ ಕೆಡುವುದಿಲ್ಲ" ಎಂದರು. ಕಾಗದ ತೆಗೆದರು. ಪೆನ್ನು ಹಿಡಿದು ನನ್ನ ಕಡೆ ತಿರುಗಿದರು. "ಇಲ್ಲಿ ಕಾರಣ ಬರೀಬೇಕಮ್ಮ. ಎಂತ ಬರೀಲಿ?"

"ಹುಳದ ಪಾಲು ಅಂತ ಬರ್ಕೊಳಿ ಸ್ವಾಮಿ."

ಹಾಗೇ ಬರೆದರು. ಕನ್ನಡದಲ್ಲೇ ಬರೆದರು. ಕೆಳಗೆ ಸಹಿ ಹಾಕಿದರು. ಬಾಗಿಲಲ್ಲಿ ಗಂಗುಲಮ್ಮ ಹಾಕಿದ ಕೇಕೆಗೆ ಅನ್ನಪೂರ್ಣಳ ತಲೆಯ ಪೆನ್ಸಿಲ್ ಬಿದ್ದುಹೋಯಿತು.

ಇದೆಲ್ಲ ಆಗಿ ಈಗ ಒಂಬತ್ತು ವರ್ಷ. ಎಲ್ಲವೂ ಸುಖವಾಗಿ ಮುಗಿಯಿತು ಎಂದರೆ ಸುಳ್ಳಾಗುತ್ತದೆ. ಮೇಜು, ಬೇಸಿನ್ನುಗಳ ಮುಂದೆ ಕೂತು ಹರಟೆ ಹೊಡೆಯುತ್ತಿದ್ದ ಇಪ್ಪತ್ತಾರು ಜನಕ್ಕೆ ಈಗ ಹರಟೆಗೆ ಒಂದು ಜಾಗ ಇಲ್ಲ. ಪರದೆ ನೋಡುವ ಕೆಲಸ ಹಿಡಿಸದೆ ನಾಲ್ಕು ಜನ ತಾವಾಗಿಯೇ ಬಿಟ್ಟು ಹೋದರು. ಗಂಗುಲಮ್ಮ ಹೋಗಿ ಒಂದೇ ತಿಂಗಳಿಗೆ ವಾಪಸು ಬಂದಳು, ಬೀಗಿತ್ತಿಯ ಜೊತೆ ಮನೆಯಲ್ಲಿರುವುದಕ್ಕಿಂತ ಯಂತ್ರವೇ ವಾಸಿ ಎಂದು. ಆದರೆ ನಮ್ಮ ಕಾರ್ಖಾನೆಯಲ್ಲಿ ಇವತ್ತು ಯಾರ ಕೈಯೂ ಬಿಸಿನೀರಿನಲ್ಲಿ ಇಲ್ಲ. ವರಲಕ್ಷ್ಮಿ ಈಗ ಆರಿಸುವ ಮೇಜಿನಲ್ಲಿ ಕೂರುತ್ತಾಳೆ. ಯಂತ್ರಕ್ಕೆ ಅನುಮಾನ ಬಂದ ಗೂಡುಗಳನ್ನು ಅದು ಒಂದು ತಟ್ಟೆಗೆ ಹಾಕಿ ಅವಳ ಮುಂದೆ ತಳ್ಳುತ್ತದೆ. ಅವಳು ಕಿವಿಗೆ ಹಿಡಿದು ನೋಡಿ ಹೇಳುತ್ತಾಳೆ. ಲಾಟಿನ ಕೊನೆಗೆ ಅದು ಎಡಕ್ಕಿಟ್ಟದ್ದನ್ನು ಎತ್ತಿ ಕಿಟಕಿಗೆ ಇಡುತ್ತಾಳೆ. ಕಳೆದ ದಸರೆಗೆ ನನಗೆ ಬಳೆ ತೊಡಿಸುವಾಗ ಅವಳ ಬೆರಳು ನನ್ನ ಕೈಗೆ ತಾಗಿತು. ಮೆತ್ತಗಿತ್ತು. ಉಗುರಿಗೆ ಬಣ್ಣ ಹಚ್ಚಿಕೊಂಡಿದ್ದಳು. ನಮ್ಮ ಮನೆಯಲ್ಲಿ ಉಗುರಿಗೆ ಬಣ್ಣ ಕಂಡದ್ದು ಅದೇ ಮೊದಲು. ಎಷ್ಟೋ ಹೊತ್ತು ಆ ಕೈ ಹಿಡಿದುಕೊಂಡು ಕೂತಿದ್ದೆ.

ನಾನು ಕೆಲಸ ಬಿಟ್ಟು ಮನೆಯಲ್ಲಿದ್ದೇನೆ. ಆದರೂ ಫೋನು ಬರುತ್ತದೆ. ನಮ್ಮ ಎಂಟುಕೈಯಮ್ಮ ಕಲಿತದ್ದನ್ನು ಕಂಪನಿಯವರು ಬೇರೆ ಊರುಗಳ ಯಂತ್ರಗಳಿಗೂ ಹಾಕಿದ್ದಾರೆ. ಅದರ ಜೊತೆ ಕೊಡುವ ಪುಸ್ತಕದಲ್ಲಿ ಅನ್ನಪೂರ್ಣ ಜೈಬೂನ್ ಆಪಾಳ ಹೆಸರು, ನನ್ನ ಹೆಸರು, ನನ್ನ ಫೋನ್ ನಂಬರು ಹಾಕಿಸಿದ್ದಾಳೆ. ಹೋದ ವಾರ ಬೆಳಿಗ್ಗೆ ಹೂವು ಕಟ್ಟುತ್ತಿದ್ದಾಗ ಕೊಳ್ಳೇಗಾಲದ ಕಡೆಯಿಂದ ಒಬ್ಬಳು ಹೆಣ್ಣುಮಗಳು ಮಾತಾಡಿದಳು.

"ಅಜ್ಜಿ, ನಮ್ಮ ಮಿಷನ್ನು ಒಂದು ಗೂಡ ತಗ್ದು ಪಕ್ಕಕ್ ಮಡಗದೆ. ಪುಸ್ತಕ್ದಲ್ಲಿ ಹುಳದ ಪಾಲು ಅಂತ ಬರ್ದವ್ರೆ. ಏನ್ ಮಾಡ್ಬೇಕು ಇದ್ನ?"

"ಪಕ್ಕದಲ್ಲಿ ಕಿಟಕಿ ಐತಾ ತಾಯಿ?"

"ಇಲ್ಲ ಕಣಜ್ಜಿ. ಸುತ್ತ ಗಾಜು, ಏಸಿ. ಒಂದೂ ತೆಗಿಯಕ್ಕಾಗಲ್ಲ."

"ಅಂಗಾದ್ರೆ ನೀನೇ ಎದ್ದು ಹೊರಗೆ ತಗೊಂಡೋಗಬೇಕಮ್ಮ. ಅದರ ಕೈ ಅ‌ಲ್ಲೀಗಂಟ ಬರಲ್ಲ."

"ದಿನಾನಾ?"

"ದಿನಾ."

ಅವಳಿಗೆ ಬೇಸರವಾಯಿತೇನೋ ಎಂದುಕೊಂಡೆ. ಆಮೇಲೆ ಕುರ್ಚಿ ಸರಿದ ಸದ್ದು ಕೇಳಿಸಿತು. ಚಪ್ಪಲಿಯ ಸದ್ದು. ಭಾರದ ಬಾಗಿಲೊಂದು ತೆರೆದ ಸದ್ದು. ಯಂತ್ರದ ಗುಂಯ್‌ಗುಡುವಿಕೆ ಹಿಂದಾಗಿ, ಎಲ್ಲೋ ಒಂದು ಹಕ್ಕಿ, ಒಂದು ಸ್ಕೂಟರು, ಯಾರೋ ತರಕಾರಿ ಕೂಗುವುದು, ಎಲ್ಲ ಒಟ್ಟಿಗೆ ಫೋನಿನೊಳಗೆ ಬಂದವು.

"ಬಂದೆ ಕಣಜ್ಜಿ ಹೊರಗೆ. ಉಸ್ಸಪ್ಪ, ಬಿಸ್ಲು ಎಷ್ಟ್ ಚೆಂದಾಗದೆ! ಗೂಡು ಕೈಯಲ್ಲೇ ಅದೆ. ಇಲ್ಲೊಂದು ಕಟ್ಟೆ ಅದೆ, ಅದರ್ ಮೇಲೆ ಮಡಗ್ಲಾ?"

"ಮಡಗು ತಾಯಿ. ಇರುವೆ ಐತೇನೋ ನೋಡ್ಕೊ. ನಾಳೆ ಬರ್ತಾ ಮನೆಯಿಂದ ಒಂದು ಚಿಟಿಕೆ ಅರಿಶಿನ ತಗೊಂಡು ಬಾ."